ರೋಮನ್ ಕೋಟೆಯಲ್ಲಿ ಕೆಲ್ಟಿಕ್ ಕಂಚಿನ ನಾಯಿ: ಲೂಟಿ ಮಾಡಿದ್ದಾ?

ಪ್ರಶ್ನೆ: ರೋಮನ್ ಸೈನಿಕರ ಕೋಟೆಗಳ ಹತ್ತಿರ ಕೆಲ್ಟಿಕ್ (ರೋಮನ್ನರಿಗಿಂತ ಮೊದಲಿನಿಂದ ಬ್ರಿಟನ್, ಪಶ್ಚಿಮ ಯುರೋಪಿನಲ್ಲಿದ್ದ ಕೆಲ್ಟ್ ಜನರ) ಶೈಲಿಯ ಕಂಚಿನ ನಾಯಿ, ಕುದುರೆ ಬೊಂಬೆಗಳು ಸಿಗುತ್ತವಲ್ಲ, ಅವೆಲ್ಲ ಊರವರಿಂದ ದೋಚಿದ್ದು ತಾನೇ?

ಅಲ್ಲ. ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಂದು ಸಲ ಹೇಳುತ್ತೇನೆ.

ಲೂಟಿ ಅನ್ನುವವರ ತಲೆಯಲ್ಲಿ ಇರುವುದು ಸಿನಿಮಾದ ಚಿತ್ರ. ಕೋಟೆಯೊಳಗೆ ಇಟಲಿಯವರು, ಹೊರಗೆ ಕೆಲ್ಟರು. ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಗಡಿಗೋಡೆ ಹೇಡ್ರಿಯನ್ ಗೋಡೆ, ಅದರ ಕ್ಯಾರಾಬರ್ಗ್ ಕೋಟೆಯನ್ನೇ ತಗೊಳ್ಳಿ. ಅಲ್ಲಿನ ಶಾಸನಗಳಲ್ಲಿ ಬರುವ ಪಡೆಗಳು ಬಟಾವಿಯನ್ನರದು, ಕುಬರ್ನಿಗಳದು. ಇಟಲಿಯವರಲ್ಲ, ರೈನ್ ನದಿಯ ಕೆಳಭಾಗದ ಬುಡಕಟ್ಟುಗಳು. ಇಂಥ ಪಡೆಗಳಲ್ಲಿ 25 ವರ್ಷ ದುಡಿದರೆ ರೋಮನ್ ಪೌರತ್ವ ಸಿಗುತ್ತಿತ್ತು.

ಕೋಟೆಯ ಪಕ್ಕದಲ್ಲೇ ಕೊವೆಂಟಿನಾ ದೇವಿಯ ಬಾವಿ. 1876ರಲ್ಲಿ ಹಳೆಯ ವಸ್ತುಗಳ ಹುಚ್ಚಿನ ಜಮೀನ್ದಾರ ಜಾನ್ ಕ್ಲೇಟನ್ ಅಗೆಸಿದಾಗ 13 ಸಾವಿರಕ್ಕೂ ಜಾಸ್ತಿ ನಾಣ್ಯ ಸಿಕ್ಕವು. ಜೊತೆಗೆ ಒಂದು ಕಂಚಿನ ಕುದುರೆ, ಸ್ಕಾಟಿಷ್ ಟೆರಿಯರ್ ತರಹದ ಒಂದು ಪುಟ್ಟ ಕಂಚಿನ ನಾಯಿ. ಈಗ ಹೇಳಿ, ದೋಚಿದವನು ಕಂಚನ್ನು ಮಾರುತ್ತಾನೆ, ಇಲ್ಲ ಕರಗಿಸುತ್ತಾನೆ, ದುಡ್ಡಿನ ಜೊತೆ ದೇವರ ಬಾವಿಗೆ ಹಾಕುತ್ತಾನಾ? ಅದು ಹರಕೆ ಸ್ವಾಮಿ, ಹರಕೆ!

ಕೊವೆಂಟಿನಾ ರೋಮಿನಿಂದ ಬಂದ ದೇವತೆಯೂ ಅಲ್ಲ, ಆ ನೀರಿನ ದೇವತೆ. ಆದರೂ ಅವಳಿಗೆ ಕಲ್ಲು ಕೆತ್ತಿಸಿದವನು ಬಟಾವಿಯನ್ ಪಡೆಯ ಮುಖ್ಯಸ್ಥ ಟೈಟಸ್ ಕಾಸ್ಕೋನಿಯಾನಸ್. ಕಲ್ಲಿನಲ್ಲಿ ದೇವಿ ಒಂದು ಎಲೆಯ ಮೇಲೆ ಒರಗಿದ್ದಾಳೆ, ಕೈಯಲ್ಲಿ ಗಿಡದ ರೆಂಬೆ, ಕೆಳಗೆ ಈ ಮಹಾಶಯನ ಹೆಸರು. ಯಾರನ್ನು ಯಾರು ದೋಚಿದರು?

ಹಾಗಂತ ಪ್ರಾಣಿಯ ಬೊಂಬೆ ಸಿಕ್ಕಿದ ಕಡೆಯೆಲ್ಲ ಕೆಲ್ಟರು ಇದ್ದರು ಅಂತಲೂ ಹೊರಡಬೇಡಿ. ಕೆಲ್ಟರಿಗೆ ಕಾಡುಹಂದಿ ಪ್ರಿಯ, ನಿಜ. ಆದರೆ ರೋಮಿನ 20ನೇ ಲೀಜನ್ನಿನ (ದೊಡ್ಡ ಸೇನಾದಳದ) ಲಾಂಛನವೂ ಕಾಡುಹಂದಿಯೇ.

ಅದಿರಲಿ, ನಾಯಿಯೇ ಯಾಕೆ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಂಗ್ಲೆಂಡಿನ ಗ್ಲೌಸ್ಟರ್‌ಶೈರಿನ ಲಿಡ್ನಿಯಲ್ಲಿ ನೋಡೆನ್ಸ್ ಎಂಬ ದೇವರ ಗುಡಿ ಇತ್ತು. ಅಲ್ಲಿ ಕಂಚಿನ, ಕಲ್ಲಿನ ನಾಯಿಗಳು ಹಲವು ಸಿಕ್ಕಿವೆ. ಜನ ಕಾಯಿಲೆ ವಾಸಿಯಾಗಲಿ ಅಂತ ಬರುತ್ತಿದ್ದ ಜಾಗ ಅದು ಅನ್ನುತ್ತಾರೆ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಅನ್ನುವ ನಂಬಿಕೆ ಆ ಕಾಲದಲ್ಲಿ ಇತ್ತಲ್ವಾ, ಅದಕ್ಕೇ ನಾಯಿ ಇರಬೇಕು.

ಲಿಡ್ನಿಯನ್ನು 1928-29ರಲ್ಲಿ ಅಗೆದವರು ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತು ಹೆಂಡತಿ ಟೆಸ್ಸಾ. ಹೌದು, 1947ರಲ್ಲಿ ನಮ್ಮ ಚಿತ್ರದುರ್ಗದ ಬ್ರಹ್ಮಗಿರಿ, ಚಂದ್ರವಳ್ಳಿ ಅಗೆದ ಅದೇ ವೀಲರ್. ಚಂದ್ರವಳ್ಳಿಯಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಅದೂ ಲೂಟಿಯದಲ್ಲ, ವ್ಯಾಪಾರದ ದಾರಿಯಲ್ಲಿ ಬಂದದ್ದು.