ಮೂಳೆಗೂ ಬಳಿ ಉಂಟು

ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯ ಗೌಂಡಿ ಗದಗದವರು. ದುಡಿಯಲು ಗೋವಾಕ್ಕೆ ಬಂದ ಅವರ ಸೋದರಮಾವ ಕಾಣೆಯಾಗಿ ಇಪ್ಪತ್ತು ವರ್ಷ. ಮೊನ್ನೆ ಮತ್ತೆ ಅಂಜನ ಹಾಕಿಸಿಕೊಂಡು ಬಂದರು. 'ನೀರಿನ ಹತ್ರ ಅದಾನ' ಅಂತ ವೀಳ್ಯದೆಲೆಯಲ್ಲಿ ಕಂಡಿತಂತೆ. ಗೋವಾದಲ್ಲಿ ನೀರಿನ ಹತ್ತಿರ ಇಲ್ಲದವರು ಯಾರು? ಸಿಟ್ಟು ಬಂತು. ಭಾನುವಾರ ಅವರನ್ನು ಹಳೇ ಗೋವಾಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಸಂತ ಅಗಸ್ಟಿನ್ ಮಠದ ಮುರುಕು ಗೋಪುರವಿದೆ. ಜಾರ್ಜಿಯಾದ ರಾಣಿ ಕೆಟೆವಾನ್‌ಳನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಮತ ಬಿಡಲು ಒಪ್ಪಲಿಲ್ಲ, ಅಷ್ಟೇ ತಪ್ಪು. ಪಾದ್ರಿಗಳು ಅವಳ ಮೂಳೆಗಳನ್ನು ಈ ಮಠಕ್ಕೆ ತಂದರು. ಮಠ ಕುಸಿಯಿತು, ಗುರುತು ಅಳಿಯಿತು. ಪೆಟ್ಟಿಗೆ ಯಾವ ಕಿಟಕಿಯಲ್ಲಿತ್ತು ಎಂದು ಹಳೆಯ ಪೋರ್ಚುಗೀಸ್ ಬರಹವೊಂದು ಹೇಳುತ್ತಿತ್ತು. ಆ ಜಾಡು ಹಿಡಿದು ಅಗೆದಾಗ 2004ರಲ್ಲಿ ತೋಳಿನ ಮೂಳೆಯೊಂದು ಸಿಕ್ಕಿತು. ಯಾರದ್ದು?

ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯವರು ಅದರ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗದ) ಡಿಎನ್‌ಎ ಓದಿದರು. ಇದು ನಮ್ಮ ಕುಂದಾಪುರ ಕಡೆಯ 'ಬಳಿ', ಅಂದರೆ ಅಮ್ಮನಿಂದ ಬರುವ ಕುಲದ ಹೆಸರು, ಇದ್ದ ಹಾಗೆ. ಗಂಡಿಗೂ ಅಮ್ಮನ ಬಳಿಯೇ, ಆದರೆ ಅವನ ಮಕ್ಕಳಿಗೆ ಅದು ಸಿಗದು. ಹಳೆಯ ಮೂಳೆಯಲ್ಲಿ ಇದೇ ಯಾಕೆ ಉಳಿಯುತ್ತದೆ? ಬೇರೆ ಡಿಎನ್‌ಎ ಜೀವಕೋಶಕ್ಕೆ ಎರಡೇ ಪ್ರತಿ, ಆಸ್ತಿಪತ್ರದ ಹಾಗೆ. ಗೆದ್ದಲು ತಿಂದರೆ ಮುಗಿಯಿತು. ಇದು ನೂರಾರು, ಸಾವಿರಾರು ಪ್ರತಿ, ಮದುವೆ ಕಾಗದದ ಹಾಗೆ. ಯಾರದ್ದೋ ಮನೆಯ ಟ್ರಂಕಿನ ಅಡಿಯಲ್ಲಿ ಒಂದಾದರೂ ಇರುತ್ತದೆ, ಅಲ್ವಾ?

ಆದರೆ ತಾಳೆ ನೋಡಲು ಬದುಕಿರುವವರು ಬೇಕು. ಮೂಳೆಯ ಯು1ಬಿ ಎಂಬ 'ಬಳಿ' ಭಾರತ ಉಪಖಂಡದ ಸುಮಾರು 22,000 ಜನರ ಮಾದರಿಗಳಲ್ಲಿ ಒಂದರಲ್ಲೂ ಇರಲಿಲ್ಲ. 30 ಜಾರ್ಜಿಯನ್ನರಲ್ಲಿ ಇಬ್ಬರಲ್ಲಿತ್ತು. ಡಿಎನ್‌ಎ ಊರು ಹೇಳಿತು, ಹೆಸರು ಹೇಳಿದ್ದು ಆ ಹಳೆಯ ಬರಹ. 2021ರಲ್ಲಿ ಮೂಳೆ ತಾಯ್ನಾಡಿಗೆ ಹೋಯಿತು.

ಇಂಗ್ಲೆಂಡಿನ ಮೂರನೇ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಕಾರು ನಿಲ್ಲಿಸುವ ಜಾಗದ ಅಡಿ ಸಿಕ್ಕಿತಲ್ಲ, ಅದನ್ನು ಗುರುತಿಸಲು ನೆರವಾದದ್ದು ಲಂಡನ್ನಿನ ಒಬ್ಬ ಬಡಗಿಯ ಎಂಜಲು. ಆತ ರಾಜನ ಅಕ್ಕನ ಹೆಣ್ಣುಮಕ್ಕಳ ಸಾಲಿನವನು.

ಗೌಂಡಿ ಗೋಪುರ ನೋಡುತ್ತಲೇ ಕೇಳಿದರು. "ಅವ್ವ ತೀರಿಕೊಂಡಾಳ. ನನ್ನ ಎಂಜಲಾ ನಡೀತೈತೇನ್ರಿ?"

"ನಡೆಯುತ್ತದೆ. ವಾರಸುದಾರರಿಲ್ಲದ ಮೂಳೆ ಸಿಕ್ಕಿದ್ದರೆ ಪೊಲೀಸರ ಮೂಲಕ ತಾಳೆ ನೋಡಬಹುದು. ನಿಮ್ಮ ತಂಗಿ ಮಗಳದ್ದೂ ಆಗುತ್ತದೆ. ನಿಮ್ಮ ಮಗನದ್ದು ಆಗುವುದಿಲ್ಲ."

"ಅವಂದು ಅವರವ್ವನ ಬಳಿ ಬಿಡ್ರಿ," ಎಂದು ನಕ್ಕರು.