ತಾನಾಗಿ ಕತ್ತೆತ್ತಿ ನಿಂತ ನಾಯಿ

ಕೆಲವು ವರ್ಷಗಳ ಹಿಂದೆ ದಂಪತಿಯೊಬ್ಬರು ನನ್ನ ಕ್ಲಿನಿಕ್ಕಿಗೆ ಐದಾರು ವರ್ಷದ ಬೀಗಲ್ ನಾಯಿಯನ್ನು ಕರೆತಂದರು. ಪ್ರಯೋಗಾಲಯವೊಂದರಿಂದ ಬಿಡುಗಡೆಯಾಗಿ ಅವರ ಮನೆ ಸೇರಿ ವಾರವಾಗಿತ್ತಷ್ಟೆ. ಕಿವಿಯ ಒಳಗೆ ಹಚ್ಚೆ ಹಾಕಿದ ಸಂಖ್ಯೆಯಿತ್ತು. ಹೆಸರು ಇನ್ನೂ ಇಟ್ಟಿರಲಿಲ್ಲ. ಮೆಟ್ಟಿಲು ಹತ್ತಲು ಬಾರದು, ಹುಲ್ಲಿನ ಮೇಲೆ ಕಾಲಿಡಲು ಹೆದರಿಕೆ. ರಕ್ತಪರೀಕ್ಷೆಗೆ ಮೇಜಿನ ಮೇಲೆ ನಿಲ್ಲಿಸಿದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಇಬ್ಬರು ಹಿಡಿದುಕೊಳ್ಳಬೇಕು. ಇದೋ, ನಾನು ಸಿರಿಂಜ್ ತೆಗೆದ ಕೂಡಲೇ ತಾನಾಗಿ ಕತ್ತೆತ್ತಿ ನಿಂತಿತು, ಕುತ್ತಿಗೆಯ ರಕ್ತನಾಳ ನನ್ನ ಬೆರಳಿಗೆ ಸಿಗಲಿ ಎಂಬಂತೆ. ಸೂಜಿ ತೆಗೆದ ಮೇಲೆ ಬಾಲ ಅಲ್ಲಾಡಿಸಿತು. ಆ ದಿನ ನನಗೆ ಊಟ ಸೇರಲಿಲ್ಲ.

ಪ್ರಯೋಗಕ್ಕೆ ಬೀಗಲ್ಲೇ ಏಕೆ ಎಂದು ಜನ ಕೇಳುತ್ತಾರೆ. ಮಧ್ಯಮ ಗಾತ್ರ, ಗಿಡ್ಡ ಕೂದಲು, ಗುಂಪಿನಲ್ಲಿ ಜಗಳವಿಲ್ಲದೆ ಬಾಳುವ ಸ್ವಭಾವ. ಎಲ್ಲಕ್ಕಿಂತ ಮುಖ್ಯವಾಗಿ, ನೋಯಿಸಿದ ಕೈಯನ್ನು ಅದು ಕಚ್ಚುವುದು ಅಪರೂಪ. ಮನುಷ್ಯರನ್ನು ನಂಬುವ ಗುಣಕ್ಕಾಗಿಯೇ ಅದನ್ನು ಆರಿಸಿಕೊಂಡಿದ್ದೇವೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಕಷ್ಟವೆನಿಸುವ ಸಂಗತಿ ಇದು.

ಹೊಸ ಔಷಧ ಮನುಷ್ಯರಿಗೆ ತಲುಪುವ ಮೊದಲು ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗಳಲ್ಲಿ ಅದರ ವಿಷಪರೀಕ್ಷೆ ನಡೆಯುತ್ತದೆ: ಒಂದು ಇಲಿಯಂಥ ದಂಶಕ, ಇನ್ನೊಂದು ದಂಶಕವಲ್ಲದ್ದು. ಈ ಎರಡನೆಯದು ಬಹಳ ಸಲ ನಾಯಿ. ರಾಸಾಯನಿಕಗಳಿಗೆ ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಸೇರಿದ ದೇಶಗಳ ಒಕ್ಕೂಟ) ದೇಶಗಳು ಒಪ್ಪಿಕೊಂಡಿರುವ 90 ದಿನಗಳ ಪರೀಕ್ಷೆಯಲ್ಲಿ ಮೂರು ಡೋಸ್ ಗುಂಪು, ಒಂದು ಹೋಲಿಕೆ ಗುಂಪು. ಪ್ರತಿ ಗುಂಪಿಗೂ ಕನಿಷ್ಠ ನಾಲ್ಕು ಗಂಡು, ನಾಲ್ಕು ಹೆಣ್ಣು. ಒಟ್ಟು 32 ನಾಯಿ. ಕೊನೆಗೆ ಅಂಗಾಂಗಗಳನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾದ್ದರಿಂದ ಅವನ್ನು ಕೊಲ್ಲುತ್ತಾರೆ, ರಾಸಾಯನಿಕವನ್ನೇ ಮುಟ್ಟದ ಹೋಲಿಕೆ ಗುಂಪನ್ನೂ. ದತ್ತು ಹೋಗುವ ನಾಯಿಗಳು ಹೆಚ್ಚಾಗಿ ಬೇರೆ ಬಗೆಯ ಅಧ್ಯಯನಗಳಿಂದ ಬಂದವು.

ಇದರಿಂದ ಒಳ್ಳೆಯದೇ ಆಗಿಲ್ಲ ಎಂದು ನಾನು ಹೇಳಲಾರೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು, ಮಧುಮೇಹ ತರಿಸಲು ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳ ಮೇಲೆ ಕೆಲಸ ಮಾಡಿದರು. ಮರುವರ್ಷ ಜನವರಿಯಲ್ಲಿ 14 ವರ್ಷದ ಮಧುಮೇಹಿ ಹುಡುಗನಿಗೆ ಇನ್ಸುಲಿನ್ ಸಿಕ್ಕಿತು. ನಾನು ಮರಿಗಳಿಗೆ ದಿನವೂ ಹಾಕುವ ಡಿಸ್ಟೆಂಪರ್, ಪಾರ್ವೊ ಲಸಿಕೆಗಳೂ ನಾಯಿಗಳಲ್ಲೇ ಪರೀಕ್ಷೆಯಾದವು.

ಆದರೆ ನಾಯಿಯ ದೇಹ ನಮ್ಮದಲ್ಲ ಎಂಬುದು ಪಶುವೈದ್ಯರಿಗೆ ದಿನನಿತ್ಯದ ಅನುಭವ. ಮನೆಯವರು ಒಳ್ಳೆಯ ಮನಸ್ಸಿನಿಂದ ನುಂಗಿಸಿದ ಐಬುಪ್ರೊಫೆನ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಸೋತು ಬಂದ ನಾಯಿಗಳನ್ನು ನೋಡಿದ್ದೇನೆ. ನಾವು ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಅವಕ್ಕೆ ವಿಷವಾಗಬಹುದು. ಇದರ ಉಲ್ಟಾ ಹೆಚ್ಚು ಭೀಕರ. 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೆ ಫಿಯಾಲುರಿಡಿನ್ ಎಂಬ ಔಷಧ ಕೊಟ್ಟರು. ಪ್ರಾಣಿಗಳಲ್ಲಿ ನಡೆದ ಪರೀಕ್ಷೆಗಳು ಅದರ ಅಪಾಯವನ್ನು ತೋರಿಸಿರಲಿಲ್ಲ. 15 ರೋಗಿಗಳಲ್ಲಿ ಐವರು ಯಕೃತ್ತು ಕೆಟ್ಟು ತೀರಿಕೊಂಡರು.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಮು, ಸಾಧ್ಯವಿರುವಲ್ಲೆಲ್ಲ ಪ್ರಯೋಗವನ್ನೇ ತಪ್ಪಿಸಬೇಕು, ಚಿಕ್ಕ ಪ್ರಾಣಿಯಲ್ಲಿ ತಿಳಿಯುವುದಾದರೆ ದೊಡ್ಡದನ್ನು ಮುಟ್ಟಬಾರದು ಎನ್ನುತ್ತದೆ. ನಾಯಿಯಂಥ ಪ್ರಾಣಿಯ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿ ಒಪ್ಪಿದರಷ್ಟೇ ಸಾಲದು, ಕೇಂದ್ರದ ಸಮಿತಿಯ ಅನುಮತಿಯೂ ಬೇಕು. ಅಂಥ ಒಂದು ಸಂಸ್ಥೆಯ ಸಮಿತಿಯಲ್ಲಿ ನಾನೂ ಕೂತಿದ್ದೇನೆ. ‘ನಾಯಿಯೇ ಏಕೆ?’ ಎಂದರೆ ಸಿಗುತ್ತಿದ್ದ ಉತ್ತರ ಒಂದೇ: ‘ಒಪ್ಪಿಗೆ ಕೊಡುವ ನಿಯಂತ್ರಕರು ಕೇಳುತ್ತಾರೆ ಸರ್’. ಇದನ್ನು ವಿಜ್ಞಾನದ ಕಾರಣವೆಂದು ನಾನು ಒಪ್ಪುವುದಿಲ್ಲ. ನಿಯಂತ್ರಕರೂ ಬದಲಾಗುತ್ತಾರಲ್ಲ. ಕೀಟನಾಶಕಗಳಿಗೆ ವರ್ಷಪೂರ್ತಿ ನಡೆಸುತ್ತಿದ್ದ ನಾಯಿ ಪರೀಕ್ಷೆಯನ್ನು ಅಮೆರಿಕ ಸರಕಾರದ ಪರಿಸರ ಸಂಸ್ಥೆ 2007ರಲ್ಲಿ ಕೈಬಿಟ್ಟಿತು. 90 ದಿನಗಳ ಪರೀಕ್ಷೆಯೇ ಸಾಕೆಂದು ಹಳೆಯ ದಾಖಲೆಗಳು ತೋರಿಸಿದ್ದವು. ಭಾರತವೂ 2023ರಲ್ಲಿ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಮಾನವ ಜೀವಕೋಶಗಳಿಂದ ಬೆಳೆಸಿದ ಕಿರು ಅಂಗಗಳು, ಕಂಪ್ಯೂಟರ್ ಮಾದರಿಗಳಂಥ ಪ್ರಾಣಿರಹಿತ ವಿಧಾನಗಳಿಗೆ ಬಾಗಿಲು ತೆರೆದಿದೆ. ಬಾಗಿಲು ತೆರೆದ ಮೇಲೂ ಹಳೆಯ ಅರ್ಜಿಯನ್ನೇ ನಕಲು ಮಾಡಿ ತರುವವರ ಮೇಲೆ ನನಗೆ ಸಿಟ್ಟಿದೆ.

ಆ ಸಮಿತಿಯ ಒಂದು ನಿರ್ಧಾರ ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಒಂದೇ ಔಷಧದ ಮೂರು ರೂಪಗಳು ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತವೆ ಎಂದು ನೋಡಲು 12 ನಾಯಿ ಕೇಳಿದ್ದರು. ನಾಲ್ಕೇ ನಾಯಿಗಳಿಗೆ, ನಡುವೆ ಬಿಡುವು ಕೊಟ್ಟು, ಮೂರನ್ನೂ ಕೊಟ್ಟರೆ ಸಾಕಲ್ಲವೆ ಎಂದೆ. ಎಲ್ಲರೂ ಒಪ್ಪಿದರು. ಎಂಟು ನಾಯಿ ಉಳಿದವೆಂದು ಸಮಾಧಾನದಿಂದ ಮನೆಗೆ ಹೋದೆ. ಆದರೆ ಆ ನಾಲ್ಕರ ಪಾಲಿಗೆ ಸೂಜಿ ಮೂರು ಪಟ್ಟಾಯಿತು. ಆ ಅಧ್ಯಯನ ಮುಗಿದ ಮೇಲೆ ಅವು ಮುಂದಿನದಕ್ಕೆ, ಅದರ ಮುಂದಿನದಕ್ಕೆ ಹೋಗುತ್ತವೆ. ನನ್ನ ಮೇಜಿನ ಮೇಲೆ ಕತ್ತೆತ್ತಿ ನಿಂತದ್ದು ಇಂಥ ನಾಲ್ಕರಲ್ಲೊಂದು ಎಂದು ಹೊಳೆಯಲು ನನಗೆ ತಡವಾಯಿತು. ಈಗ ನಾಯಿಗಳ ಸಂಖ್ಯೆಯ ಜೊತೆಗೆ ಒಂದೊಂದು ನಾಯಿ ಎಷ್ಟು ಸಲ, ಎಷ್ಟು ವರ್ಷ ಎಂಬುದನ್ನೂ ಅರ್ಜಿಯಲ್ಲೇ ಬರೆಯಿರಿ ಎನ್ನುತ್ತೇನೆ. ಬಿಡುಗಡೆಯ ನಂತರದ ಆರೈಕೆಗೆ ಯಾರು ಹಣ ಕೊಡುತ್ತಾರೆ ಎಂಬುದನ್ನೂ.

ಆ ದಂಪತಿಗೆ ನಾನು ಹೇಳಿದ್ದಿಷ್ಟು: ಮೆಟ್ಟಿಲಿಗೆ ಎಳೆಯಬೇಡಿ, ಮನೆಗೆ ನೆಂಟರನ್ನು ತುಂಬಿಸಬೇಡಿ, ಸಾಧ್ಯವಿದ್ದರೆ ಜೊತೆಗೆ ಇನ್ನೊಂದು ಸಾಧು ನಾಯಿ ಇರಲಿ, ಅದನ್ನು ನೋಡಿ ಇದು ಕಲಿಯುತ್ತದೆ. ಮರುವರ್ಷ ಲಸಿಕೆಗೆ ಕರೆತಂದರು. ಈಗ ಅದಕ್ಕೆ ಹೆಸರಿತ್ತು, ಮೈಯೂ ತುಂಬಿಕೊಂಡಿತ್ತು. ಸಿರಿಂಜ್ ಕಂಡದ್ದೇ ಗುರ್ರ್ ಎಂದು ಹಿಂದೆ ಸರಿದು ಒಡತಿಯ ಸೆರಗಿನ ಹಿಂದೆ ಅಡಗಿತು. ಇಬ್ಬರು ಹಿಡಿದುಕೊಳ್ಳಬೇಕಾಯಿತು.