ವಿನೆಗರ್‌ನಲ್ಲಿ ಪಾಸಾದ ಕಲ್ಲು: ಮೀನಿನ ಟ್ಯಾಂಕಿನ ಅಲಂಕಾರದ ಬಗ್ಗೆ ನನ್ನ ಟಿಪ್ಪಣಿ

"ಕಲ್ಲಿನ ಮೇಲೆ ವಿನೆಗರ್ ಹಾಕು. ನೊರೆ ಬಂದರೆ ಬೇಡ, ಬರದಿದ್ದರೆ ಟ್ಯಾಂಕಿಗೆ ಹಾಕಬಹುದು." ಅಕ್ವೇರಿಯಂ ಬಗ್ಗೆ ಓದಲು ಶುರು ಮಾಡಿದಾಗ ಮೊದಲು ಬಾಯಿಪಾಠ ಮಾಡಿಕೊಂಡ ಸಾಲು ಇದು. ನಾನು ಜಾಸ್ತಿ ಎಡವಿದ್ದೂ ಇದರಲ್ಲೇ. ಹಾಗಾಗಿ ಇದನ್ನೇ ಮೊದಲು ಬರೆದುಬಿಡುತ್ತೇನೆ.

ವಿನೆಗರ್ ಏನು ಹೇಳುತ್ತದೆ

ವಿನೆಗರ್ ಒಂದು ಆಮ್ಲ. ಕಲ್ಲಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಗುಳ್ಳೆ ಅದರದ್ದೇ. ಸುಣ್ಣಕಲ್ಲು, ಅಮೃತಶಿಲೆ, ಹವಳ, ಕಪ್ಪೆಚಿಪ್ಪು ಎಲ್ಲವೂ ಈ ಗುಂಪು. ಇವನ್ನು ಟ್ಯಾಂಕಿನಲ್ಲಿಟ್ಟರೆ ನಿಧಾನವಾಗಿ ಕರಗುತ್ತವೆ, ನೀರು ಗಡಸಾಗುತ್ತದೆ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಏರುತ್ತದೆ.

ಇಷ್ಟು ಸುಲಭ. ಆದರೆ ನನಗೆ ಮೂರು ಕಡೆ ಮೋಸವಾಯಿತು.

ಮೊದಲನೆಯದು: ತೂತುತೂತಾಗಿರುವ ಕಪ್ಪು ಲಾವಾ ಕಲ್ಲಿಗೆ ವಿನೆಗರ್ ಹಾಕಿದೆ, ಗುಳ್ಳೆ ಬಂತು. ಬೇಡ ಅಂತ ಪಕ್ಕಕ್ಕಿಟ್ಟೆ. ಆಮೇಲೆ ಸುಮ್ನೆ ತೊಳೆಯೋಣ ಅಂತ ಬರೀ ನೀರಿನಲ್ಲಿ ಮುಳುಗಿಸಿದರೆ ಆಗಲೂ ಗುಳ್ಳೆ! ತೂತಿನೊಳಗಿದ್ದ ಗಾಳಿ ಹೊರಬರುತ್ತಿತ್ತು, ಅಷ್ಟೇ. ಈಗ ಕಲ್ಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇಲೆ ಒರೆಸಿ, ಆಮೇಲೆ ವಿನೆಗರ್ ಹಾಕುತ್ತೇನೆ. ಗಾಳಿಯ ಗುಳ್ಳೆ ಒಂದೊಂದಾಗಿ ಬಂದು ನಿಂತುಬಿಡುತ್ತದೆ. ಸುಣ್ಣದ ಗುಳ್ಳೆ ಸಣ್ಣಸಣ್ಣದಾಗಿ, ಹನಿ ಬಿದ್ದ ಜಾಗದ ತುಂಬ ಏಳುತ್ತಲೇ ಇರುತ್ತದೆ.

ಎರಡನೆಯದು ಇದರ ಉಲ್ಟಾ. ಕೆಲವು ಕಲ್ಲುಗಳು, ಮುಖ್ಯವಾಗಿ ಡಾಲಮೈಟ್, ಎಷ್ಟು ನಿಧಾನವಾಗಿ ಕರಗುತ್ತವೆ ಅಂದರೆ ಅಡುಗೆಮನೆಯ ವಿನೆಗರ್‌ಗೆ ಗುಳ್ಳೆಯೇ ಕಾಣುವುದಿಲ್ಲ. ಮೊಳೆಯಿಂದ ಕಲ್ಲಿನ ತಳ ಕೆರೆದು, ಬಂದ ಪುಡಿಯ ಮೇಲೆ ಹನಿ ಹಾಕಿದರೆ ಕಾಣಬಹುದು. ಪುಡಿಯಾದಾಗ ಆಮ್ಲಕ್ಕೆ ತಾಗುವ ಜಾಗ ಜಾಸ್ತಿಯಾಗುತ್ತದಲ್ವಾ, ಅದಕ್ಕೆ.

ಮೂರನೆಯದು: ವಿನೆಗರ್ ಸುಣ್ಣದ ಬಗ್ಗೆ ಮಾತ್ರ ಹೇಳುತ್ತದೆ. ಲೋಹದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಹಸಿರು, ನೀಲಿ ಕಲೆ ಇರುವ ಕಲ್ಲಿನಲ್ಲಿ ತಾಮ್ರ ಇರಬಹುದು. ಸೀಗಡಿ, ಬಸವನಹುಳಕ್ಕೆ ತಾಮ್ರ ಸ್ವಲ್ಪವೇ ಆದರೂ ವಿಷ. ತುಕ್ಕಿನ ಗೆರೆ, ಫಳಫಳ ಹೊಳೆಯುವ ಪದರ ಇರುವ ಕಲ್ಲನ್ನು ನಾನು ಪರೀಕ್ಷೆಯನ್ನೂ ಮಾಡದೆ ಬಿಡುತ್ತೇನೆ.

ಬಕೆಟ್ ಪರೀಕ್ಷೆ (ನನಗೆ ಇದೇ ಇಷ್ಟ)

ಒಂದಲ್ಲ, ಎರಡು ಬಕೆಟ್ ಬೇಕು. ಎರಡಕ್ಕೂ ಒಂದೇ ನಲ್ಲಿಯ ನೀರು. ಒಂದರಲ್ಲಿ ಕಲ್ಲು, ಇನ್ನೊಂದು ಖಾಲಿ. ಒಂದು ವಾರ ಬಿಟ್ಟು ಎರಡರಲ್ಲೂ ಪಿಎಚ್ ಮತ್ತು ಕೆಎಚ್ ಅಳೆಯಿರಿ. ಕೆಎಚ್ ಅಂದರೆ ನೀರಿನಲ್ಲಿರುವ ಕಾರ್ಬೊನೇಟ್ ಲೆಕ್ಕ.

ಖಾಲಿ ಬಕೆಟ್ ಯಾಕೆ? ನಾನೂ ಮೊದಲ ಸಲ ಇಟ್ಟಿರಲಿಲ್ಲ. ಪಿಎಚ್ ಏರಿತು, ಕಲ್ಲಿನ ಮೇಲೆ ತಪ್ಪು ಹೊರಿಸಿದೆ. ಆದರೆ ನಲ್ಲಿ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಒಂದು ದಿನದಲ್ಲಿ ಹಾರಿಹೋಗುತ್ತದೆ, ಅದರಿಂದಲೇ ಪಿಎಚ್ ಏರಬಹುದು. ಎರಡೂ ಬಕೆಟ್‌ನಲ್ಲಿ ಒಂದೇ ಸಮ ಏರಿದರೆ ಕಲ್ಲು ನಿರಪರಾಧಿ.

ಪಿಎಚ್ ಏರಿದರೆ ಮೀನಿಗೇನು?

ನನಗೆ ತಲೆಗೆ ಹತ್ತಲು ಎರಡು ದಿನ ಹಿಡಿದದ್ದು ಇದು. ಮೀನಿನ ಕೊಳೆಯಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬಿಡಿ ಅಮೋನಿಯಾ ಕಿವಿರನ್ನು ಸುಡುತ್ತದೆ. ಯಾವುದು ಎಷ್ಟು ಅನ್ನುವುದನ್ನು ಮುಖ್ಯವಾಗಿ ಪಿಎಚ್ ನಿರ್ಧರಿಸುತ್ತದೆ. ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಸುಮಾರು 0.6 ಶೇಕಡಾ ಮಾತ್ರ ಬಿಡಿ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಸುಮಾರು 5 ಶೇಕಡಾ. ಟೆಸ್ಟ್ ಕಿಟ್‌ ಸಾಮಾನ್ಯವಾಗಿ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ತೋರಿಸುತ್ತದೆ. ಅಂದರೆ ಕಿಟ್‌ನಲ್ಲಿ ಬಣ್ಣ ಬದಲಾಗದೆಯೇ ವಿಷ ಒಂಬತ್ತು ಪಟ್ಟಾಗಿರಬಹುದು. "ನಿನ್ನೆ ಇದ್ದಷ್ಟೇ ಇದೆಯಲ್ಲ" ಅಂತ ನಾನು ಆರಾಮಾಗಿದ್ದೆ.

ಹಾಗಂತ ಸುಣ್ಣದ ಕಲ್ಲು ಎಲ್ಲರಿಗೂ ಕೆಟ್ಟದ್ದಲ್ಲ. ಆಫ್ರಿಕಾದ ಮಲಾವಿ, ಟಾಂಗನ್ಯೀಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಗಡಸು ನೀರೇ ಬೇಕು. ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನಿಗೆ ಕಷ್ಟ.

ತೂತು

ಮಣ್ಣಿನ ಕುಂಡದ ತಳದ ತೂತು ನೋಡಿದ್ದೀರಲ್ಲ, ನೀರು ಇಳಿಯುವುದಕ್ಕೆ ಇರುವುದು. ನನ್ನ ಪ್ಲೆಕೊ (ಗಾಜಿಗೆ, ಕಲ್ಲಿಗೆ ಬಾಯಿಂದ ಅಂಟಿಕೊಳ್ಳುವ ಮೀನು) ಅದರಲ್ಲಿ ತಲೆ ತೂರಿಸಿ ಸಿಕ್ಕಿಕೊಂಡಿತ್ತು. ಕಿವಿರು ಮುಚ್ಚಳ ತೆರೆಯಲು ಜಾಗವಿಲ್ಲದೆ ಮೀನು ನೀರಿನೊಳಗೇ ಉಸಿರುಗಟ್ಟುತ್ತದೆ ಅಂತ ಆವತ್ತು ಗೊತ್ತಾಯಿತು.

ಬಾಲ ಹಿಡಿದು ಹಿಂದಕ್ಕೆ ಎಳೆಯಬೇಡಿ. ಪ್ಲೆಕೊ ಹೆದರಿದಾಗ ಎದೆಯ ರೆಕ್ಕೆಯ ಮುಳ್ಳನ್ನು ಅಗಲಿಸಿ ಗಟ್ಟಿಯಾಗಿ ನಿಲ್ಲಿಸಿಕೊಳ್ಳುತ್ತದೆ, ಎಳೆದಷ್ಟೂ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ನಾನು ಟ್ಯಾಂಕಿನ ನೀರು ತುಂಬಿದ ಟಬ್‌ಗೆ ಕುಂಡವನ್ನು ಮೀನಿನ ಸಮೇತ ಸಾಗಿಸಿದೆ. ಕುಂಡದ ಅಂಚಿನಿಂದ ಕಟಿಂಗ್ ಪ್ಲೇಯರ್‌ನಲ್ಲಿ ಚೂರುಚೂರೇ ಮುರಿಯುತ್ತಾ ತೂತಿನವರೆಗೆ ಬಂದೆ. ಕೊನೆಯ ಚೂರು ಬಿದ್ದಾಗ ಅದು ತಾನಾಗಿಯೇ ಜಾರಿ ಹೊರಬಂತು. ಪಕ್ಕದಲ್ಲಿ ಉಜ್ಜಿದ ಗಾಯವಾಗಿತ್ತು. ಔಷಧಿ ಹಾಕಲಿಲ್ಲ, ನೀರು ಮಾತ್ರ ಶುದ್ಧವಾಗಿಟ್ಟು, ಹತ್ತಿಯಂಥ ಬಿಳಿ ಬೂಷ್ಟು ಕಾಣುತ್ತದಾ ಅಂತ ದಿನಾ ನೋಡುತ್ತಿದ್ದೆ.

ಈಗ ನನ್ನ ಲೆಕ್ಕ ಇದು: ತೂತು ಒಂದೋ ಮೀನು ಬೆಳೆದು ದೊಡ್ಡದಾದ ಮೇಲೂ ಸರಾಗವಾಗಿ ತಿರುಗುವಷ್ಟು ದೊಡ್ಡದಿರಬೇಕು, ಇಲ್ಲವೇ ತಲೆಯೇ ತೂರದಷ್ಟು ಚಿಕ್ಕದಿರಬೇಕು. ನಡುವಿನದ್ದೇ ಅಪಾಯ. ಬೊಂಬೆ, ಕೋಟೆಗಳನ್ನು ಮಗುಚಿ ತಳವನ್ನೂ ನೋಡಿ. ಟೊಳ್ಳಿನೊಳಗೆ ನೀರು ಓಡಾಡದಿದ್ದರೆ ಅಲ್ಲಿ ಬಿದ್ದ ಊಟ ಕೊಳೆತು ಅಮೋನಿಯಾ ಆಗುತ್ತದೆ.

ಉಳಿದದ್ದು, ಬೇಗ ಬೇಗ

ಪ್ಲಾಸ್ಟಿಕ್ ಗಿಡದ ಮೇಲೆ ಹಳೆಯ ನೈಲಾನ್ ಕಾಲುಚೀಲ ಎಳೆಯಿರಿ. ನೂಲು ಸಿಕ್ಕಿದರೆ ಬೆಟ್ಟಾ ಮೀನಿನ (ಫೈಟರ್ ಮೀನು) ರೆಕ್ಕೆಯೂ ಹರಿಯುತ್ತದೆ.

ಬಣ್ಣ ಉಗುರಿಗೇ ಎದ್ದುಬಂದರೆ ಆ ಬೊಂಬೆ ಬೇಡ.

ಮರದ ತುಂಡನ್ನು ಕುದಿಸಬಹುದು. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮರದಿಂದ ಬಿಡುವ ಟ್ಯಾನಿನ್ ಎಂಬ ಒಗರಿನ ಅಂಶ, ಗಾಬರಿ ಬೇಡ. ಕಲ್ಲನ್ನು ಮಾತ್ರ ಕುದಿಸಲೇಬಾರದು, ಒಳಗೆ ಸಿಕ್ಕ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಸೋಪು ಎರಡಕ್ಕೂ ಬೇಡ.

ಭಾರದ ಕಲ್ಲನ್ನು ಮರಳಿನ ಮೇಲಲ್ಲ, ತಳದಲ್ಲೇ ಕೂರಿಸಿ ಆಮೇಲೆ ಮರಳು ಸುರಿಯಿರಿ. ಸಿಕ್ಲಿಡ್‌ಗಳು ಬುಡ ತೋಡುತ್ತವೆ, ಕಲ್ಲು ಉರುಳುತ್ತದೆ.

ಅಂಟಿಸಲು ಬೂಷ್ಟು ತಡೆಯುವ ಔಷಧಿ ಬೆರೆಸದ ಸಿಲಿಕೋನ್ ಸಾಕು. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ನೀರಿಗೆ ಹಾಕಬೇಡಿ. (ಇಲ್ಲೂ ವಿನೆಗರ್! ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಸಿಲಿಕೋನ್ ಅದು.)

ಕಂದು ಪಟ್ಟೆಯ ಒಂದು ಕಲ್ಲು ಈಗ ಬಕೆಟ್‌ನಲ್ಲಿದೆ. ವಿನೆಗರ್‌ಗೆ ಒಂದು ಗುಳ್ಳೆಯನ್ನೂ ಬಿಟ್ಟಿರಲಿಲ್ಲ, ಪುಡಿ ಕೆರೆದು ನೋಡಲು ನನಗೆ ಸೋಮಾರಿತನ. ಇವತ್ತು ಐದನೇ ದಿನ. ಖಾಲಿ ಬಕೆಟ್‌ನಲ್ಲಿ ಕೆಎಚ್ 3 ಡಿಗ್ರಿ, ಕಲ್ಲಿನ ಬಕೆಟ್‌ನಲ್ಲಿ 5. ಟ್ಯಾಂಕಿಗೆ ಬೇಡ, ಹೊರಗಿನ ಗಿಡದ ಬುಡದಲ್ಲಿ ಇಡಲು ಚೆನ್ನಾಗಿರುತ್ತದೆ.